ಬೆನ್ನು ಸೀಳಿದ ಅಂಗಿ

ಅಪ್ಪನ ಅಂಗಿಗಳನ್ನೆಲ್ಲ ನಾನು ಬೆನ್ನಿಗೆ ಸೀಳಿ, ಕತ್ತಿನ ಹತ್ತಿರ ಲಾಡಿ ಇಟ್ಟು ಹೊಲಿಯುತ್ತಿದ್ದೆ. ಮಲಗಿದವರನ್ನು ಎಬ್ಬಿಸದೆ ಮುಂದಿನಿಂದ ತೋಳು ತೂರಿಸಿ ತೊಡಿಸಲು ಅದೇ ಸುಲಭ. ಹನ್ನೊಂದು ವರ್ಷ ಹಾಗೇ ಹೊಲಿದೆ. ಅಪ್ಪ ಹೋದ ಹದಿನೈದನೆಯ ದಿನ ಅಣ್ಣ ಬಂದು, ಮನೆ ಮಾರಿದ್ದಾಗಿದೆ, ತಿಂಗಳೊಳಗೆ ನಿನ್ನ ದಾರಿ ನೋಡಿಕೋ ಎಂದ. ಹೊಲಿಗೆ ಬಲ್ಲವಳಿಗೆ ಕೆಲಸಕ್ಕೇನು ಬರ ಎಂದೂ ಸೇರಿಸಿದ. ಅಷ್ಟೂ ವರ್ಷದಲ್ಲಿ ಒಂದು ರಾತ್ರಿಯೂ ಅಪ್ಪನ ಪಕ್ಕ ಕೂರದವನು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ.

ಅಪ್ಪ ಹಾಸಿಗೆ ಹಿಡಿದಾಗ ಬಿಟ್ಟುಬಂದಿದ್ದ ಹೊಲಿಗೆ ಅಂಗಡಿಗೇ ಹೋದೆ. ಆಗ ಅಲ್ಲಿ ಬಟ್ಟೆ ಕತ್ತರಿಸುವವಳು ನಾನು. ಗುಂಡಿ ಹಾಕುತ್ತಿದ್ದ ಹುಡುಗಿ ಈಗ ಅಂಗಡಿಯ ಒಡತಿ. ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ್ದೇ ನಾನು. ಅವಳು ನಗುತ್ತಲೇ ಬಟ್ಟೆ ಕೊಟ್ಟು, ಗಂಡಸರ ಅಂಗಿ ಒಂದು ಹೊಲಿದು ತೋರಿಸಿ, ಸರಿಯಾಗಿದ್ದರೆ ನಾಳೆಯಿಂದಲೇ ಬನ್ನಿ ಎಂದಳು.

ಅಂಗೈ ಬೆವರಿ ಸೀಮೆಸುಣ್ಣ ಜಾರುತ್ತಿತ್ತು. ಸುತ್ತ ಆರು ಹುಡುಗಿಯರು, ನಾನು ಕೆಲಸ ಬಿಟ್ಟಾಗ ಶಾಲೆಗೆ ಹೋಗುತ್ತಿದ್ದವರು. ಹೊಸ ಮಷಿನ್ನುಗಳು ಕಾಲು ಸೋಕಿದರೆ ಸಾಕು, ಓಡುತ್ತಿದ್ದವು. ಇದು ತಪ್ಪಿದರೆ ಮಲಗಲು ಜಾಗವಿಲ್ಲ ಎನ್ನುವ ಭಯವೊಂದೇ ತಲೆಯಲ್ಲಿ. ಕೈ ಮಾತ್ರ ತನ್ನ ಪಾಡಿಗೆ ಕತ್ತರಿಸಿತು, ಹೊಲಿಯಿತು. ಸದ್ಯ ಬದುಕಿದೆ ಎಂದುಕೊಂಡು ಅಂಗಿ ಕೊಟ್ಟೆ.

ಒಡತಿ ಅದನ್ನು ತಿರುಗಿಸಿ ನೋಡಿದಳು. ಎದೆಯ ಭಾಗ ಗುಂಡಿಪಟ್ಟಿಯೇ ಇಲ್ಲದೆ ಮುಚ್ಚಿತ್ತು. ಬೆನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಕತ್ತಿನಲ್ಲಿ ಎರಡು ಲಾಡಿ, ಅಚ್ಚುಕಟ್ಟಾಗಿ. ಒಬ್ಬಳು ಕಿಸಕ್ಕೆಂದಳು.

ಒಡತಿ ನಗಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ, ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಅಕ್ಕಾ, ಅಂಗಡಿ ಕೆಲಸ ಇನ್ನು ನಿಮ್ಮಿಂದ ಆಗಲ್ಲ. ಆದ್ರೆ ನಮ್ಮತ್ತೆ ಬಿದ್ದು ಹಾಸಿಗೆ ಹಿಡ್ದು ಎರಡು ತಿಂಗಳಾಯ್ತು, ನೋಡ್ಕೊಳ್ಳೋರಿಲ್ಲ. ಮನೆಗೆ ಬಂದ್ಬಿಡಿ. ಊಟ ಇದೆ, ಮಲಗೋಕೆ ಜಾಗ ಇದೆ. ಸಂಬಳ ಗಿಂಬಳ ಎಲ್ಲ ನಮ್ಮಲ್ಲಿ ಯಾಕೆ, ನೀವು ಮನೆಯೋರೇ ಅಲ್ವಾ?"

ಅಣ್ಣನೂ ಹನ್ನೊಂದು ವರ್ಷ ಇದೇ ಮಾತು ಹೇಳಿದ್ದ. ಎದ್ದು ಓಡಬೇಕೆನಿಸಿತು. ಆಗಲ್ಲ ಎಂದು ಹೇಳಲೆಂದೇ ಬಾಯಿ ತೆರೆದೆ.

"ಮಾತ್ರೆ ಅವ್ರೇ ನುಂಗ್ತಾರಾ?" ಎಂದು ಕೇಳಿಬಿಟ್ಟಿದ್ದೆ.