ಪ್ರಶ್ನೆ ಪುಸ್ತಕದ ಕೊನೆಯ ಸಾಲು

ಹನ್ನೊಂದು ವರ್ಷದಿಂದ ನಾನು ವಿಮಾನ ನಿಲ್ದಾಣದ ಮಾಹಿತಿ ಕೌಂಟರಿನಲ್ಲಿ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದು ಹೆಸರಿಗೆ ಮಾತ್ರ. ಎಂಟು ಗಂಟೆಯಲ್ಲಿ ಆರು ಗಂಟೆ ನಿಂತೇ ಇರಬೇಕು, ಉಳಿದ ಎರಡು ಗಂಟೆ ನಿಂತವರ ಕಡೆ ಕತ್ತೆತ್ತಿ ನೋಡಬೇಕು. ನಮ್ಮ ಮೇಲ್ವಿಚಾರಕಿ ಬಂದ ಹೊಸತರಲ್ಲಿ ಒಂದು ಪದ್ಧತಿ ಹಾಕಿದರು. ಜನ ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆ ಅದನ್ನು ನೋಡಿ, ಯಾವುದು ಜನಕ್ಕೆ ಅರ್ಥವಾಗುತ್ತಿಲ್ಲವೋ ಅದನ್ನು ಪ್ರಯಾಣಿಕರ ಕೈಪಿಡಿಯಲ್ಲಿ ಬಿಡಿಸಿ ಬರೆಯಬೇಕು. ಕೈಪಿಡಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ಹನ್ನೆರಡು ಪುಟ. ಮೂರು ಗಂಟೆ ಮುಂಚೆ ಬನ್ನಿ, ನೀರಿನ ಬಾಟಲಿ ಖಾಲಿ ಮಾಡಿ, ಚೀಲಕ್ಕೆ ಗುರುತಿಗೆ ಬಣ್ಣದ ರಿಬ್ಬನ್ ಕಟ್ಟಿ, ಗೇಟ್ ಬದಲಾಗಬಹುದು, ಹೆಸರು ಕೂಗುವ ಪದ್ಧತಿ ಇಲ್ಲ, ಆಗಾಗ ಬೋರ್ಡ್ ನೋಡುತ್ತಿರಿ.

ಒಳ್ಳೆಯ ಪದ್ಧತಿಯೇ. ಅದನ್ನು ಕೆಡಿಸಿದವಳು ನಾನು.

ಸಾಧಾರಣ ಪ್ರಶ್ನೆ ಬರೆಯಲು ಯಾರಿಗೆ ಉತ್ಸಾಹ ಇರುತ್ತದೆ? ಶೌಚಾಲಯ ಎಲ್ಲಿ ಅಂತ ದಿನಕ್ಕೆ ಇನ್ನೂರು ಜನ ಕೇಳುತ್ತಾರೆ. ನಾನು ಬರೆದದ್ದು ಬೇರೆ. ‘ಈ ವಿಮಾನ ತಪ್ಪಿದರೆ ಓಡಿಹೋಗಿ ಮುಂದಿನ ಸ್ಟಾಪಿನಲ್ಲಿ ಹತ್ತಬಹುದಾ?’ ‘ಕಿಟಕಿ ಸೀಟು ಕೊಟ್ಟಿದ್ದಾರೆ, ಗಾಳಿ ಜಾಸ್ತಿಯಾದರೆ ಮುಚ್ಚಬಹುದು ತಾನೆ?’ ನಮ್ಮ ತಲೆಯ ಮೇಲೆ ಮಂಚದಷ್ಟು ಅಗಲದ ‘ಮಾಹಿತಿ’ ಬೋರ್ಡು ನೇತಾಡುತ್ತಿರುವಾಗ ಅದರ ಕೆಳಗೇ ನಿಂತು ಒಬ್ಬ ಮುದುಕಿ, ‘ಮಾಹಿತಿ ಕೌಂಟರ್ ಎಲ್ಲಮ್ಮಾ?’ ಅಂದಳು. ಅಂದು ಚಹಾದ ಹೊತ್ತಿನಲ್ಲಿ ಅದನ್ನು ಓದಿದಾಗ ಭದ್ರತೆಯವರು, ಟ್ರಾಲಿಯವರು, ಗೇಟಿನವರು ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನನಗೆ ಕೊಂಬು ಬಂತು. ಗೇಟು ನೋಡಿಕೊಳ್ಳುವ ಒಬ್ಬನಿದ್ದಾನೆ, ಅವನ ಮೀಸೆ ಅವನಿಗಿಂತ ಅರ್ಧ ನಿಮಿಷ ಮುಂಚೆ ಡ್ಯೂಟಿಗೆ ಬರುತ್ತದೆ, ಹಾಗಾಗಿ ಎಲ್ಲರಿಗೂ ಅವನು ಮೀಸೆ. ಅವನಂತೂ ಒಳಗಿನಿಂದ ಫೋನ್ ಮಾಡಿ, ‘ನಿನ್ನ ಪುಸ್ತಕಕ್ಕೆ ಒಂದು ಸಿಕ್ಕಿದೆ, ಬರಕೋ’ ಅನ್ನುತ್ತಿದ್ದ.

ಪುಸ್ತಕ ಮನೆಗೂ ಬರತೊಡಗಿತು. ಊಟ ಮುಗಿಸಿ ಅಮ್ಮನ ಮುಂದೆ ನಾನು ಅಭಿನಯ ಮಾಡಿ ತೋರಿಸುತ್ತಿದ್ದೆ. ಬೋರ್ಡಿನ ಕೆಳಗಿನ ಮುದುಕಿಯನ್ನು ಮಾಡುವಾಗ ಬೆನ್ನು ಬಗ್ಗಿಸಿ, ಅಮ್ಮನದೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಣ್ಣು ಕಿರಿದು ಮಾಡುತ್ತಿದ್ದೆ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ದೂರದೇಶದಲ್ಲಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಭಾನುವಾರ ಫೋನ್ ಮಾಡಿದಾಗ, ‘ಈ ವಾರದ್ದು ಓದೇ’ ಅನ್ನುತ್ತಿದ್ದಳು. ಓದುತ್ತಿದ್ದೆ.

ಆ ದೊಡ್ಡಮ್ಮನ ಗಂಟಲಿನಲ್ಲಿ ಗಡ್ಡೆ ಅಂತ ಗೊತ್ತಾಯಿತು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಅಂದರಂತೆ. ಜೀವಕ್ಕೆ ಅಪಾಯ ಇಲ್ಲ, ಆದರೆ ಆಮೇಲೆ ಮಾತು ಬರುವುದಿಲ್ಲ. ಆಪರೇಷನ್ ಗುರುವಾರ ಬೆಳಿಗ್ಗೆ ಎಂಟಕ್ಕೆ.

ಅಮ್ಮ ಅಳಲಿಲ್ಲ. ‘ಬುಧವಾರ ಸಂಜೆಯೊಳಗೆ ನಾನು ಅವಳ ಮುಂದೆ ಕೂತಿರಬೇಕು’ ಅಂದಳು, ಅಷ್ಟೆ. ಅಕ್ಕತಂಗಿಯರು ಮುಖ ನೋಡಿ ಹದಿನಾರು ವರ್ಷವಾಗಿತ್ತು. ಚಿಕ್ಕಂದಿನಲ್ಲಿ ಅಮ್ಮ ಸಣ್ಣ ದನಿಯಲ್ಲಿ ಎಡೆಬಿಡದೆ ಅಳುತ್ತಿದ್ದಳಂತೆ. ಅದಕ್ಕೆ ದೊಡ್ಡಮ್ಮ ಅವಳಿಗೆ ಪಿಟೀಲು ಅಂತ ಹೆಸರಿಟ್ಟಳು. ಹಾಗೆ ಕರೆಯುತ್ತಿದ್ದ ಮಿಕ್ಕವರೆಲ್ಲ ತೀರಿಕೊಂಡಿದ್ದಾರೆ.

‘ಫೋನಿನಲ್ಲಿ ಕರೀತಾಳಲ್ಲಮ್ಮ’ ಅಂದೆ ನಾನು.

‘ಫೋನಿನಲ್ಲಿ ಕೇಳೋದೂ ಒಂದು ಕೇಳೋದೇನೇ? ಅವಳು ಬಾಗಿಲಲ್ಲಿ ನಿಂತು ಕರೀಬೇಕು. ಒಂದ್ಸಲ ಸಾಕು ನಂಗೆ.’

ಅಲ್ಲಿಗೆ ದಿನಕ್ಕೆ ಒಂದೇ ವಿಮಾನ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ಬುಧವಾರದ್ದಕ್ಕೆ ಟಿಕೆಟ್ ಮಾಡಿಸಿದೆ. ಅಮ್ಮನಿಗೆ ಅದೇ ಮೊದಲ ವಿಮಾನ. ಒಂದು ವಾರ ಅವಳಿಗೆ ಕೈಪಿಡಿಯ ಗಿಣಿಪಾಠ ಮಾಡಿಸಿದೆ. ಕೈಚೀಲದ ಹಿಡಿಗೆ ಹಸಿರು ರಿಬ್ಬನ್ ನಾನೇ ಕಟ್ಟಿದೆ. ‘ಕೈಯಲ್ಲಿ ಸಾಮಾನು ಕಡಿಮೆ ಇರಬೇಕು’ ಅಂತ ದೂರದ ಕನ್ನಡಕವನ್ನು ದೊಡ್ಡ ಪೆಟ್ಟಿಗೆಗೆ ಹಾಕಿಸಿ, ಓದುವ ಕನ್ನಡಕ ಒಂದನ್ನೇ ಚೀಲದಲ್ಲಿ ಇಟ್ಟೆ. ನೆನೆಸಿಕೊಂಡರೆ ಇವತ್ತಿಗೂ ನನ್ನ ಕೈ ನನಗೇ ಬೇಡವಾಗುತ್ತದೆ.

ಬುಧವಾರ ಅಮ್ಮನ ಜೊತೆಯಲ್ಲೇ ಡ್ಯೂಟಿಗೆ ಬಂದೆ. ನನ್ನ ಹತ್ತಿರ ಸಿಬ್ಬಂದಿ ಪಾಸ್ ಇದೆ. ಮೇಲ್ವಿಚಾರಕಿಯನ್ನು ಕೇಳಿ ಅರ್ಧ ಗಂಟೆ ಒಳಗೆ ಹೋಗಿ ಗೇಟಿನ ಮುಂದೆ ಕೂರಿಸಿ ಬರಬಹುದಿತ್ತು. ಗಾಲಿಕುರ್ಚಿಯವರಿಗೆ ಹೇಳಿದ್ದರೆ ಅವರೇ ತಳ್ಳಿಕೊಂಡು ಹೋಗುತ್ತಿದ್ದರು. ಎರಡೂ ಮಾಡಲಿಲ್ಲ. ಕೈಪಿಡಿ ಬರೆದವಳ ತಾಯಿಗೆ ಕೈ ಹಿಡಿದು ನಡೆಸುವವರು ಬೇಕೇ ಅನ್ನುವ ಧಿಮಾಕು. ಭದ್ರತಾ ತಪಾಸಣೆಯ ಬಾಗಿಲಲ್ಲಿ ಅಮ್ಮನ ಸೆರಗು ಸರಿಮಾಡುತ್ತಾ ನಾನು ಹೇಳಿದ್ದು ಇಷ್ಟು:

‘ಹದಿನಾಲ್ಕನೇ ಗೇಟು. ಎಲ್ಲ ಬರೆದಿದೆ, ಬೋರ್ಡ್ ನೋಡ್ಕೊಂಡು ಹೋಗು. ಅವರಿವರನ್ನ ಕೇಳ್ತಾ ನಿಂತು ನನ್ನ ಮಾನ ಕಳೀಬೇಡ, ಆಯ್ತಾ?’

ನಗುತ್ತಲೇ ಹೇಳಿದ್ದು. ಅಮ್ಮನೂ ನಕ್ಕು, ‘ಇಲ್ಲ ಮಾರಾಯ್ತಿ’ ಅಂದು ಒಳಗೆ ಹೋದಳು.

ಹತ್ತು ಗಂಟೆಯ ಸುಮಾರಿಗೆ ಕೌಂಟರಿನ ಎದುರಿನ ಬೋರ್ಡಿನಲ್ಲಿ ಅವಳ ವಿಮಾನದ ಮುಂದಿದ್ದ 14 ಅಳಿದು 31 ಬಂತು. ನಾನು ನೋಡಿದೆ. ನೋಡಿಯೂ ಸುಮ್ಮನೆ ಕೂತೆ. ಪಾಠ ಮಾಡಿಸಿದ್ದೇನಲ್ಲ, ನೋಡಿಕೊಳ್ಳುತ್ತಾಳೆ ಅಂದುಕೊಂಡೆ. ಡ್ಯೂಟಿಯ ಹೊತ್ತಿನಲ್ಲಿ ನಮ್ಮ ಮೊಬೈಲುಗಳು ಲಾಕರಿನಲ್ಲಿರುತ್ತವೆ, ಅದನ್ನು ತರಲು ಏಳುವ ಮನಸ್ಸೂ ಆಗಲಿಲ್ಲ. ಹನ್ನೊಂದು ನಲವತ್ತಕ್ಕೆ ‘ಹೊರಟಿದೆ’ ಅಂತ ಬಂದಾಗ ಮನಸ್ಸಿನಲ್ಲೇ ಕೈ ಬೀಸಿದೆ.

ಹನ್ನೆರಡೂವರೆಗೆ ಒಳಗಿನ ಫೋನ್ ಬಡಿದುಕೊಂಡಿತು. ಮೀಸೆ.

‘ಪುಸ್ತಕ ತೆಗಿ, ತೆಗಿ. ಇವತ್ತು ಸಿಕ್ಕಿರೋದು ಎಲ್ಲಾದಕ್ಕೂ ಮೇಲೆ.’

ತೆಗೆದೆ. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ಎಳೆದೆ.

‘ಹದಿನಾಲ್ಕನೇ ಗೇಟಿಂದ ವಿಮಾನಕ್ಕೆ ಹತ್ತೋ ಸೇತುವೆ ಕೆಟ್ಟಿದೆ ಅಂತ ಬೆಳಿಗ್ಗೆನೇ ಮುಚ್ಚಿದ್ವಿ ನೋಡು. ದೀಪನೂ ಆರಿಸಿದ್ದೀವಿ, ನರಪಿಳ್ಳೆ ಇಲ್ಲ. ಅಲ್ಲಿ ಒಬ್ಳು ಮುದುಕಿ, ಕತ್ತಲಲ್ಲಿ ಒಬ್ಳೇ, ಮೂರು ಗಂಟೆಯಿಂದ ಕೂತಿದಾಳೆ! ವಿಮಾನ ಹಾರಿ ಆಗ್ಲೇ ಒಂದು ಗಂಟೆ ಆಯ್ತು. ಯಾಕಮ್ಮ ಯಾರನ್ನೂ ಕೇಳಲಿಲ್ಲ ಅಂದ್ರೆ, ಪರವಾಗಿಲ್ಲಪ್ಪ ಕಾಯ್ತೀನಿ ಅಂತಾಳೆ. ಏನಕ್ಕೆ ಕಾಯ್ತಾಳೋ, ವಾಪಸ್ ಬರುತ್ತೆ ಅಂತಿರಬೇಕು!’

ನಾನು ಜೋರಾಗಿ ನಕ್ಕೆ. ಇದನ್ನು ಮುಚ್ಚಿಡಬಾರದು. ಸಾಲಿನಲ್ಲಿ ನಿಂತವರು ತಿರುಗಿ ನೋಡುವಷ್ಟು ನಕ್ಕು, ನಗುತ್ತಲೇ ಬರೆದೆ: ‘ಗೇಟ್ 14. ಒಬ್ಬ ಮುದುಕಿ. ಆರಿದ ದೀಪದ ಕೆಳಗೆ ಮೂರು ಗಂಟೆ. ವಿಮಾನ ಹಾರಿದ ಮೇಲೂ ಕಾಯುತ್ತಿದ್ದಾಳೆ. ಯಾರನ್ನೂ ಕೇಳಿಲ್ಲ.’

ಅಷ್ಟು ಬರೆದ ಮೇಲೆ ಗೇಟ್ 14 ಅನ್ನುವುದು ಕಣ್ಣಿಗೆ ಬಿತ್ತು.

‘ಹೇಗಿದಾಳೆ?’ ಅಂದೆ.

‘ಹೇಗೆ ಅಂದ್ರೆ... ಮುದುಕಿ ಇದ್ದ ಹಾಗೆ. ತೊಡೆ ಮೇಲೆ ಕಂದು ಕೈಚೀಲ. ಹಿಡಿಗೆ ಹಸಿರು ರಿಬ್ಬನ್ ಕಟ್ಟಿಕೊಂಡಿದಾಳೆ, ನಿನ್ನ ಕೈಪಿಡಿ ಓದಿರಬೇಕು!’

ಫೋನ್ ಇಟ್ಟೆನೋ ಕೈಬಿಟ್ಟೆನೋ ಗೊತ್ತಿಲ್ಲ. ಮೇಲ್ವಿಚಾರಕಿಯನ್ನು ಕೇಳಲಿಲ್ಲ, ಸಾಲಿನಲ್ಲಿದ್ದವರಿಗೆ ಏನೂ ಹೇಳಲಿಲ್ಲ. ಪಾಸ್ ತೋರಿಸಿ ಓಡಿದೆ.

ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಮೊಬೈಲು ಆರಿಸಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಹತ್ತುವ ಮುಂಚೆ ಆರಿಸಬೇಕು ಅಂತ ಪಾಠದಲ್ಲಿತ್ತು. ನನ್ನನ್ನು ಕಂಡ ತಕ್ಷಣ ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಲೋಟ ಒಡೆದು ಸಿಕ್ಕಿಬಿದ್ದ ಮಕ್ಕಳ ಮುಖ ಹಾಗಿರುತ್ತದೆ.

‘ಹೊರಟುಹೋಯ್ತೇನೇ?’ ಅಂದಳು.

ನಾನು ಪಕ್ಕದಲ್ಲಿ ಕೂತೆ. ‘ಗೇಟು ಬದಲಾಗಿತ್ತಮ್ಮ. ಬೋರ್ಡ್ ನೋಡಲಿಲ್ವಾ?’ ಆಗಲೂ ನನ್ನ ಬಾಯಲ್ಲಿ ಬಂದದ್ದು ಕೈಪಿಡಿಯೇ.

‘ನೋಡ್ದೆ. ಬೆಳಕು ಕಾಣ್ತು, ಅಕ್ಷರ ಕಾಣಲಿಲ್ಲ. ಕನ್ನಡಕ ಆ ಪೆಟ್ಟಿಗೇಲಿ ಹೋಯ್ತಲ್ಲ.’

‘ಕೇಳೋದಲ್ವಾ? ಇಷ್ಟು ಜನ ಓಡಾಡ್ತಾರೆ ಇಲ್ಲಿ!’

ಅಮ್ಮ ರಿಬ್ಬನ್ನಿನ ಗಂಟು ಬಿಚ್ಚುತ್ತಾ ಕೂತಳು. ‘ಎದ್ದೆ ಕಣೇ. ಮೂರು ಸಲ ಎದ್ದೆ. ಜನ ಎಲ್ಲ ಆ ಕಡೆ ಹೋದ್ರಲ್ಲ, ಆಗ ಒಬ್ಬ ಹುಡುಗಿ ಬಂದ್ಳು, ನಿನ್ನ ಹಾಗೇ ನೀಲಿ ಕೋಟು. ಬಾಯಿವರೆಗೂ ಬಂತು. ಆಮೇಲೆ ಆ ಬೋರ್ಡಿನ ಕೆಳಗಿನ ಅಜ್ಜಿ ನೆನಪಾದ್ಳು. ಇವಳೂ ಬರ್ಕೊಂಡು ಎಲ್ಲರಿಗೂ ಓದಿದ್ರೆ? ಅದು ನಿನ್ನ ಕಿವಿಗೂ ಬೀಳುತ್ತಲ್ಲ. ನಿಮ್ಮಮ್ಮನೇ ಅಂತೆ ಅಂತ ನಿನ್ನ ಆಡ್ಕೊಳ್ತಾರೆ ಅಂತ...’

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುವುದು ಅಂದರೇನು ಅಂತ ಆಗ ತಿಳಿಯಿತು. ಬಾಯಿಬಿಡುವ ನೆಲವಲ್ಲ ಅದು, ನುಣ್ಣಗೆ ಹೊಳೆಯುವ ಹಾಸುಗಲ್ಲು. ತಲೆ ತಗ್ಗಿಸಿದರೆ ಅದರಲ್ಲೂ ನನ್ನ ಮುಖವೇ ಕಾಣುತ್ತಿತ್ತು. ಅವಳಿಗೆ ನಾನು ಏನು ಹೇಳಲಿ? ನೀನು ಹೆದರಿದ್ದು ಆಗಿಹೋಗಿದೆ, ಬರೆದದ್ದೂ ಆಗಿದೆ, ಬರೆದವಳು ನಾನೇ ಅನ್ನಲೇ?

ಬೇರೆ ದಾರಿಗಳನ್ನೆಲ್ಲ ವಿಚಾರಿಸಿದೆ. ಎರಡು ಕಡೆ ಇಳಿದು ಹತ್ತಿದರೂ ಗುರುವಾರ ಮಧ್ಯಾಹ್ನಕ್ಕೆ ಮುಂಚೆ ಅಲ್ಲಿ ಮುಟ್ಟುವ ವಿಮಾನ ಇರಲಿಲ್ಲ. ಅಷ್ಟು ಹೊತ್ತಿಗೆ ಆಪರೇಷನ್ ಮುಗಿದಿರುತ್ತದೆ. ನಾಳೆಯ ಅದೇ ವಿಮಾನಕ್ಕೆ ಟಿಕೆಟ್ ಬದಲಾಯಿಸಿ, ವಿಮಾನದಿಂದ ಇಳಿಸಿದ್ದ ಪೆಟ್ಟಿಗೆಯನ್ನು ಬಿಡಿಸಿಕೊಂಡು, ಅಮ್ಮನನ್ನು ಕೌಂಟರಿನ ಒಳಗೆ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಮೇಲ್ವಿಚಾರಕಿ ನನ್ನ ಮುಖ ನೋಡಿ ತಾವೇ ಸಾಲಿನ ಮುಂದೆ ನಿಂತರು. ಮೀಸೆ ಬಂದ, ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಬಂದ ದಾರಿಯಲ್ಲೇ ಹೋದ.

ಲಾಕರಿನಿಂದ ಮೊಬೈಲು ತಂದು ದೊಡ್ಡಮ್ಮನಿಗೆ ಹಚ್ಚಿ ಅಮ್ಮನ ಕೈಗೆ ಕೊಟ್ಟೆ.

‘ಅಕ್ಕಾ, ನಾನೊಂದು ಮಣ್ಣು ತಿನ್ನೋ ಕೆಲಸ ಮಾಡ್ದೆ’ ಅಂದಳು ಅಮ್ಮ. ‘ಕೂತಲ್ಲೇ ನಿದ್ದೆ ಹತ್ತಿಬಿಡ್ತು. ವಿಮಾನ ಹೋಗೇಬಿಡ್ತು. ಇಲ್ಲ ಇಲ್ಲ, ಇವಳದ್ದೇನೂ ತಪ್ಪಿಲ್ಲ, ಎಲ್ಲ ಸರಿಯಾಗೇ ಹೇಳಿಕೊಟ್ಟಿದ್ಳು. ನನ್ನ ಹಾಳು ನಿದ್ದೆ.’

ಅಮ್ಮನಿಗೆ ಹಗಲು ನಿದ್ದೆ ಬರುವುದಿಲ್ಲ. ಅಕ್ಕನೊಡನೆ ಕೊನೆಯದಾಗಿ ಆಡುತ್ತಿರುವ ಮಾತಿನಲ್ಲಿ ನನಗಾಗಿ ಸುಳ್ಳು ಹೇಳುತ್ತಿದ್ದಾಳೆ. ನಾನು ಕೌಂಟರಿನ ಕಡೆ ಮುಖ ಮಾಡಿ ನಿಂತೆ. ಅವರು ಬಹಳ ಹೊತ್ತು ಮಾತಾಡಿದರು. ನಡುವೆ ಅಮ್ಮ ನಕ್ಕಿದ್ದೂ ಕೇಳಿಸಿತು.

ಆಮೇಲೆ ಅಮ್ಮ ಫೋನ್ ನನ್ನ ಕಡೆ ಚಾಚಿದಳು. ‘ನಿನ್ನ ಹತ್ರ ಮಾತಾಡಬೇಕಂತೆ.’ ಸರಿಯಾಗಿ ಕೇಳಲಿ ಅಂತ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

ದೊಡ್ಡಮ್ಮನ ದನಿ ಆಗಲೇ ಮರದ ಮೇಲೆ ಉಜ್ಜುಕಾಗದ ಎಳೆದ ಹಾಗಿತ್ತು. ‘ಅಳಬೇಡ ಕಣೇ. ಗಂಟಲು ಇನ್ನೂ ಇದೆ, ನಾಳೆ ಬೆಳಿಗ್ಗೆವರೆಗೂ ನನ್ನದೇ. ಒಂದು ಸಲ ಬಾಯ್ತುಂಬ ನಗಬೇಕು ಅನ್ನಿಸ್ತಿದೆ. ಎಲ್ಲಿ, ನಿನ್ನ ಪುಸ್ತಕ ತೆಗಿ. ಈ ವಾರದ್ದು ಓದು.’

ಪುಸ್ತಕ ಅಲ್ಲೇ ತೆರೆದುಕೊಂಡು ಬಿದ್ದಿತ್ತು, ಪೆನ್ನಿನ ಮುಚ್ಚಳ ಅದರ ಮೇಲೆ. ಅಮ್ಮ ಅದನ್ನು ನನ್ನ ಮುಂದೆ ಸರಿಸಿದಳು. ಸರಿಸುವಾಗ ಅವಳ ಕಣ್ಣು ಕೊನೆಯ ಸಾಲಿನ ಮೇಲೆ ಹಾಯಿತು. ಪೆಟ್ಟಿಗೆ ಸಿಕ್ಕ ಮೇಲೂ ಅವಳ ಮೂಗಿನ ಮೇಲೆ ಇದ್ದದ್ದು ಓದುವ ಕನ್ನಡಕ. ಎಲ್ಲ ಅಕ್ಷರವೂ ಚೆನ್ನಾಗಿ ಕಾಣುತ್ತದೆ ಅದರಲ್ಲಿ.

ಅವಳು ಓದಿದಳು. ಓದಿ, ಬೆರಳನ್ನು ಆ ಸಾಲಿನ ಮೇಲಿಂದ ತೆಗೆಯದೆ, ನನ್ನನ್ನು ನೋಡಿದಳು.

‘ಏನೇ, ಓದು’ ಅಂದಳು ದೊಡ್ಡಮ್ಮ.

ನಾನು ಹಿಂದಿನ ಪುಟ ತಿರುಗಿಸಬಹುದಿತ್ತು. ಕಿಟಕಿ ಮುಚ್ಚುವವನು ಇದ್ದ, ಮುಂದಿನ ಸ್ಟಾಪಿನವನು ಇದ್ದ. ‘ಮಾಹಿತಿ ಕೌಂಟರಿನಲ್ಲಿ ಒಬ್ಳಿದಾಳೆ ದೊಡ್ಡಮ್ಮ’ ಅಂದೆ. ‘ಊರವರಿಗೆಲ್ಲ ದಾರಿ ಹೇಳೋಳು. ಹೆತ್ತ ತಾಯಿಯ ಕನ್ನಡಕ ಪೆಟ್ಟಿಗೆಗೆ ಹಾಕಿಸಿ, ಬೋರ್ಡ್ ನೋಡ್ಕೊಂಡು ಹೋಗು ಅಂದಳಂತೆ. ಯಾರನ್ನಾದರೂ ಕೇಳಿದ್ರೆ ನನ್ನ ಮಾನ ಹೋಗುತ್ತೆ ಅಂದಳಂತೆ.’

ದೊಡ್ಡಮ್ಮ ನಕ್ಕಳು. ಅಷ್ಟು ಒಡೆದ ಗಂಟಲಿನಲ್ಲೂ ಮೊದಲಿನ ನಗುವೇ. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ, ‘ಅಯ್ಯೋ ಶನಿ! ಯಾರೇ ಆ ದಡ್ಡಿ?’ ಅಂದಳು.

‘ನಮ್ಮವಳೇ’ ಅಂದೆ.

ದೊಡ್ಡಮ್ಮ ಮೆಲ್ಲಗೆ ಕೇಳಿದಳು, ‘ಆ ತಾಯಿ ಏನಂದಳಂತೆ?’

ಅಮ್ಮ ಫೋನಿನ ಹತ್ತಿರ ಬಾಗಿದಳು.

‘ನಿದ್ದೆ ಹತ್ತಿತ್ತು ಅಂದಳಂತೆ ಕಣೇ, ಅಕ್ಕ’ ಅಂದಳು.

‘ಪಿಟೀಲು’ ಅಂತ ಕರೆದಳು ದೊಡ್ಡಮ್ಮ.

ಒಂದೇ ಸಲ. ಅಮ್ಮ ಕಣ್ಣು ಮುಚ್ಚಿಕೊಂಡು ಫೋನಿಗೆ ಕಿವಿ ಒತ್ತಿಕೊಂಡಿದ್ದಳು. ಕೌಂಟರಿನ ಹೊರಗೆ ಯಾರೋ ಒಬ್ಬರು ಬೋರ್ಡಿನ ಕೆಳಗೆ ನಿಂತು, ಮಾಹಿತಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದರು. ಇಲ್ಲೇ, ಬನ್ನಿ ಅಂದೆ.