ಮುಯ್ಯಿ ಕೂಗಿದ ದಿನ

ಆಂಡರ್ಸನ್‌ಪೇಟೆಯಲ್ಲಿ ಕದಿರಮ್ಮನ ಮನೆ ಯಾವುದೆಂದು ಕೇಳಬೇಕಾಗಿರಲಿಲ್ಲ. ಹೊಲಿಗೆ ಮಿಷನ್ನಿನ ಸದ್ದೇ ಹೇಳುತ್ತಿತ್ತು. ಗಂಡ ಕೋದಂಡಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದ. ಹೊಸ ಮೈಸೂರು ರಾಜ್ಯ ಹುಟ್ಟಿ ಎರಡು ವರ್ಷವಾಗಿತ್ತು. ಆ ಮಳೆಗಾಲದಲ್ಲಿ ಕಾಮಸಮುದ್ರದ ಕಡೆ ಅವರ ಊರಿನ ಕೆರೆ ಏರಿ ಒಡೆದು ಮನೆ ಗೋಡೆ ಸಮೇತ ಕೊಚ್ಚಿಹೋಯಿತು. ಉಳಿದದ್ದು ಮಗಳು ನರಸಮ್ಮ, ತಲೆ ಮೇಲೆ ಹೊತ್ತು ತಂದ ಮಿಷನ್ನು, ಅಷ್ಟೆ. ಆಂಡರ್ಸನ್‌ಪೇಟೆಗೆ ಬಂದು ಸೂರಿಗೆ ತಗಡು, ಅಡುಗೆಗೆ ಪಾತ್ರೆ, ಹೊದೆಯಲು ಕಂಬಳಿ ಎಲ್ಲವನ್ನೂ ಬಂಗಾರಪೇಟೆಯ ಅಂಗಡಿ ವೆಂಕಟೇಶಪ್ಪನಿಂದ ಸಾಲಕ್ಕೆ ತಂದರು. ಬಡ್ಡಿ ಕುತ್ತಿಗೆಗೆ ಬಂದಾಗ ವಕೀಲ ಶ್ರೀನಿವಾಸಪ್ಪನವರು ದಿವಾಳಿ ಅರ್ಜಿ ಬರೆದುಕೊಟ್ಟರು.

"ಕಾನೂನು ಈಗ ಮೊದಲಿನ ಹಾಗಿಲ್ಲಮ್ಮ," ಎಂದರು ಅವರು. "ನೀರಿಗೆ ಮನೆ ಕಳಕೊಂಡೋನನ್ನ ಜೈಲಿಗೆ ಹಾಕಿ ಯಾರಿಗೇನು ಲಾಭ? ನಿನ್ನ ಹೊಟ್ಟೆಪಾಡಿನ ಮಿಷನ್ನನ್ನ ಸಾಹುಕಾರ ಮುಟ್ಟೋ ಹಾಗಿಲ್ಲ. ಆದರೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನಬೇಡಿ. ಸಾಲ ಕೊಟ್ಟವರ ಹೆಸರೆಲ್ಲಾ ಪಟ್ಟಿಯಲ್ಲಿ ಬರಲಿ."

ಕೋದಂಡಪ್ಪ ಎಲ್ಲರ ಹೆಸರನ್ನೂ ಹೇಳಿದ. ಮುಯ್ಯಿಯ ಮಾತು ಮಾತ್ರ ಎತ್ತಲಿಲ್ಲ. ನಮ್ಮ ಕಡೆ ಅದನ್ನು ಸಾಲವೆಂದು ಯಾರು ತಾನೆ ಕರೆದಾರು? ಮದುವೆಗೆ ಬಂದ ನೆಂಟರು ಹಣ ಹಾಕುತ್ತಾರೆ, ಪುಸ್ತಕದಲ್ಲಿ ಬರೆಸುತ್ತಾರೆ. ಅವರ ಮನೆಯ ಮದುವೆಗೆ ಅದಕ್ಕಿಂತ ಹೆಚ್ಚು ತಿರುಗಿ ಹಾಕಬೇಕು. ಹಾಕದವನ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಇಂಥದ್ದನ್ನು ಪ್ರೀತಿ ಎಂದು ಕರೆಯಲು ನಮಗೆ ನಾಚಿಕೆಯೂ ಆಗುವುದಿಲ್ಲ!

ಬಂಗಾರಪೇಟೆಯಲ್ಲಿ ನಡೆಯಲಿದ್ದ ತನ್ನ ಮಗಳ ಮದುವೆಗೆ ಕರೆಯಲು ಕೋದಂಡಪ್ಪನ ಅಣ್ಣ ರಾಮಚಂದ್ರಪ್ಪ ಬಂದ.

"ನಿನ್ ಮದ್ವೇಲಿ ನಾನಾಕಿದ್ದ ಮುಯ್ಯಿ ಗ್ಯಾಪ್ಕ ಐತೇನ್ಲಾ?"

ಕದಿರಮ್ಮನೇ ಉತ್ತರ ಕೊಟ್ಟಳು. "ಮನೇನೇ ಕೊಚ್ಕೊಂಡೋಯ್ತಲ್ಲ ಭಾವ. ಈ ಸಲ ಬುಟ್ಬುಡಿ."

"ಕೆರೆ ಒಡೀತು ಅಂತ ಮುಯ್ಯಿ ನಿಂತೋಯ್ತದೇನಮ್ಮ? ಪ್ಲೇಗ್ ಬಂದಾಗ್ಲೂ ನಮ್ಮಪ್ಪ ತಿರುಗಿಸ್ದೆ ಇರ್ಲಿಲ್ಲ."

ಕೋದಂಡಪ್ಪ ತಲೆ ತಗ್ಗಿಸಿದ.

ಮದುವೆಯ ದಿನ ಬೆಳಗ್ಗೆ ಕದಿರಮ್ಮ ನೀರು ಹೊತ್ತುಕೊಂಡು ಬಂದರೆ ಮಿಷನ್ನಿನ ಜಾಗ ಖಾಲಿ. ಕಳ್ಳರು ಹೊತ್ತರೆಂದು ಎದೆ ಹೊಡೆದುಕೊಂಡು, ಮೊದಲೇ ಮದುವೆಮನೆಗೆ ಹೊರಟಿದ್ದ ಗಂಡನಿಗೆ ಹೇಳಲು ಮಗಳ ಕೈ ಹಿಡಿದು ಬಂಗಾರಪೇಟೆಗೆ ಓಡಿದಳು. ಚಪ್ಪರದಲ್ಲಿ ತಾಳಿ ಕಟ್ಟಿಯಾಗಿತ್ತು, ಮುಯ್ಯಿ ಕೂಗುತ್ತಿದ್ದರು.

"ಎಣ್ಣಿನ ಚಿಕ್ಕಪ್ಪ, ಕೋದಂಡಪ್ಪ! ನೂರಾ ಒಂದು ರೂಪಾಯಿ!"

ಮಿಷನ್ನು ಎಲ್ಲಿ ಹೋಯಿತೆಂದು ಕದಿರಮ್ಮನಿಗೆ ಆಗ ತಿಳಿಯಿತು. ಸಾಹುಕಾರನ ಕೈಗೂ ಸಿಗದಂತೆ ಕಾನೂನು ಕಾದ ಮಿಷನ್ನನ್ನು ಕಟ್ಟಿಕೊಂಡ ಗಂಡನೇ ಮಾರಿದ್ದ. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ವೆಂಕಟೇಶಪ್ಪ ಆ ಕೂಗು ಕೇಳಿ ಮೆಲ್ಲುವುದನ್ನೇ ನಿಲ್ಲಿಸಿದ್ದ.

ಕೋರ್ಟಿನಲ್ಲಿ ವೆಂಕಟೇಶಪ್ಪನ ವಕೀಲ ಆ ನೂರಾ ಒಂದರ ಮಾತೆತ್ತಿದ. ರಾಮಚಂದ್ರಪ್ಪ ತಮ್ಮನ ಪರವೆಂದೇ ಸಾಕ್ಷಿಗೆ ಬಂದು, ಮುಯ್ಯಿ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ನೋಡಿ ಸ್ವಾಮಿ, ಉಟ್ಟಿದ್ದು ಮಾರಿಯಾದ್ರೂ ತೀರ್ಸವ್ನೆ. ನಮ್ ತಮ್ಮ ಮೋಸ ಮಾಡೋನಲ್ಲ!"

ಶ್ರೀನಿವಾಸಪ್ಪನವರು ಹಣೆ ಒತ್ತಿಕೊಂಡರು. ಪಟ್ಟಿಯಲ್ಲಿಲ್ಲದ ಒಬ್ಬರಿಗೆ ಮಾತ್ರ ತೀರಿಸಿದ್ದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಕೆ? ಅರ್ಜಿ ವಜಾ ಆಯಿತು. ವಾರದೊಳಗೆ ಕೋರ್ಟಿನ ಅಮೀನ ಬಂದು ಸಾಲದ ಬಾಬ್ತು ಕೋದಂಡಪ್ಪನನ್ನು ಜೈಲಿಗೆ ಕರೆದೊಯ್ದ.

ರಾಮಚಂದ್ರಪ್ಪ ಕದಿರಮ್ಮನ ಮನೆಗೆ ಓಡಿ ಬಂದ. ಅವನಿಗೆ ತೋಚಿದ್ದು ಒಂದೇ ದಾರಿ, ಮುಯ್ಯಿ. "ನರಸೀಗೆ ಕಿವಿ ಚುಚ್ಚೋ ಶಾಸ್ತ್ರ ಇಟ್ಕಳಮ್ಮ. ನೆಂಟ್ರೆಲ್ಲಾ ಮುಯ್ಯಿ ಆಕ್ತಾರೆ, ಅವನ್ನ ಬುಡಿಸ್ಕಂಡ್ ಬರಾನ."

"ಆಮೇಕೆ ಅದನ್ನ ತೀರ್ಸಾಕೆ ಇವಳನ್ನ ಮಾರ್ಲಾ ಭಾವ?"

ಕದಿರಮ್ಮ ಮಗಳನ್ನು ಕಂಕುಳಿಗೆತ್ತಿಕೊಂಡು ನೇರವಾಗಿ ವಕೀಲರ ಮನೆಗೆ ನಡೆದಳು. ಭಾವ ಹಿಂದೆಯೇ ಬಂದ.

"ಇನ್ನೊಂದು ಅರ್ಜಿ ಆಗ್ತದಾ ಸ್ವಾಮಿ?"

"ಕಷ್ಟ. ಮುಚ್ಚಿಟ್ಟದ್ದನ್ನೆಲ್ಲಾ ಹೇಳಿ ಕೋರ್ಟನ್ನ ಕೇಳಿಕೊಳ್ಳಬೇಕು."

"ಏಳ್ತೀನಿ. ಮುಯ್ಯಿ ಆಕಿರೋರ ಎಸ್ರೆಲ್ಲಾ, ತಿರುಗಿ ತಕ್ಕಂಡೋರ್ದೂ, ಸಾಲ ಕೊಟ್ಟೋರ ಪಟ್ಟೀಲಿ ಬರ್ಕಳಿ."

"ಅಯ್ಯೋ, ನೆಂಟ್ರನ್ನ ಕೋರ್ಟಿಗೆ ಎಳೀತೀಯಾ?" ರಾಮಚಂದ್ರಪ್ಪ ಬಾಗಿಲಿಗೆ ಅಡ್ಡ ನಿಂತ. "ಜಾತಿಯೋರು ನಿನ್ ಮನೆ ಒಸ್ಲು ತುಳಿಯಲ್ಲ!"

ಕದಿರಮ್ಮ ಅವನತ್ತ ತಿರುಗಲಿಲ್ಲ.

"ಮೊದ್ಲು ನಮ್ ಭಾವನ ಎಸ್ರು ಬರೀರಿ ಸ್ವಾಮಿ," ಎಂದಳು.