ಕುರುಗೋಡಿನಲ್ಲಿ ಆಮ್ಲೆಟ್

ಒಬ್ಬ ಶಿಕ್ಷಕಿ ಇನ್ನು ಮುಂದೆ ಎಲ್ಲಿ ಬಾಳಬೇಕು ಎಂಬುದನ್ನು ತೀರ್ಮಾನಿಸಬೇಕಾದ ಘನಗಂಭೀರ ಪ್ರಶ್ನೆ ಆಮ್ಲೆಟ್ಟಿನದಾಗಿತ್ತು. ಕುರುಗೋಡಿಗೆ ವರ್ಗವಾದ ನೇತ್ರಾಳಿಗೆ ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ಸೊಂಟ ಬಿದ್ದುಹೋಗಿತ್ತು. ಮಹಡಿ ಮನೆಯೊಂದು ಬಾಡಿಗೆಗೆ ಸಿಕ್ಕಿತ್ತು, ನಿಜ. ಆದರೆ ಕೆಳಗೆ ಮನೆಯೊಡತಿ ಶಿವಬಸಮ್ಮನವರ ಲಿಂಗಪೂಜೆ, ಓಣಿಯ ತುಂಬ ಅವರದೇ ಬಳಗ. ಕದ್ದುಮುಚ್ಚಿ ಮೊಟ್ಟೆ ತಿನ್ನುವುದು ಅವಳ ಜಾಯಮಾನವಲ್ಲ.

“ಅಮ್ಮಾರ, ನಾವು ತತ್ತಿ ತಿಂತೀವ್ರಿ,” ಎಂದು ಹೇಳಿಯೇಬಿಟ್ಟಳು.

ಶಿವಬಸಮ್ಮ ಒಳಗೆ ಪೇಪರ್ ಓದುತ್ತಿದ್ದ ಗಂಡನತ್ತ ನೋಡಿದರು. “ತಿನ್ರಿ ಟೀಚರ್ರ. ಸೋಮಾರ ಒಂದಿನ ಬ್ಯಾಡ್ರಿ. ವಾಸನಿ ಬಂತಂದ್ರ ನಮ್ಮ ಯಜಮಾನ್ರು ಪೂಜಾ ಬಿಟ್ಟು ತಾಟು ಹಿಡ್ಕೊಂಡು ನಿಮ್ಮ ಮೆಟ್ಲ ಹತ್ತತಾರ. ಉಳಿದ ದಿನ ಹತ್ತಿದ್ರ ಹತ್ಲಿ.”

“ಏ, ಮೆಲ್ಲಕ ಮಾತಾಡ!” ಎಂದರು ಪೇಪರಿನ ಹಿಂದಿನಿಂದ ಯಜಮಾನರು.

ನೇತ್ರಾಳಿಗೆ ಉಸಿರು ಬಂದಂತಾಯಿತು. ಭಾನುವಾರ ಕುರುಗೋಡಿಗೆ ಮನೆ ಬದಲಿಸಿದಳು.